21 ವರ್ಷ ಒಂದು ರೂಪಾಯಿ ತಪ್ಪದವರು ಈಗ ಕದ್ದಿದ್ದಾರೆ. ಮೊದಲಿನಿಂದಲೂ ಹೀಗೆಯೇ, ಅಥವಾ ಈಗ ಹೀಗಾದರೇ?

ಅಂಗಡಿಯ ಮಗಳು
ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ, ಪೈಪು, ಬಣ್ಣ, ತಗಡು, ಸಲಿಕೆ, ಹಾರೆ. ಲೆಕ್ಕ ಬರೆಯಲು ಒಬ್ಬರಿದ್ದಾರೆ. ಇದ್ದರು ಎನ್ನಬೇಕೋ ಏನೋ. ನಾನು ಅವರನ್ನು ಕಾಕಾ ಎಂದೇ ಕರೆದು ಬೆಳೆದವಳು. 21 ವರ್ಷ ಗಲ್ಲಾಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ರೈತ 40,000 ರೂಪಾಯಿ ಇದ್ದ ಚೀಲವನ್ನು ಕೌಂಟರಿನ ಮೇಲೆ ಮರೆತು ಹೋಗಿದ್ದ. ಕಾಕಾ ಸೈಕಲ್ ತುಳಿದು ಬಸ್ ನಿಲ್ದಾಣಕ್ಕೆ ಓಡಿ, ಹೊರಟ ಬಸ್ಸನ್ನು ನಿಲ್ಲಿಸಿ ಕೊಟ್ಟು ಬಂದಿದ್ದರು. ಇದು ಊರಿಗೆಲ್ಲ ಗೊತ್ತಿರುವ ಕಥೆ.

ಹೋದ ತಿಂಗಳು ಉದ್ರಿ ವಸೂಲಿಗೆಂದು ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಲು ಕುಳಿತೆ. ಒಬ್ಬ ಗೌಂಡಿ ಮೇಸ್ತ್ರಿ ಸಿಟ್ಟಾದರು. "ದಸರಾಕ್ಕೇ 22,000 ಕೊಟ್ಟಿದ್ದೇನಲ್ಲ" ಎಂದು ಕಾಕಾ ಕೈಬರಹದ ಚೀಟಿಯನ್ನೇ ತಂದು ತೋರಿಸಿದರು. ಖಾತೆ ಪುಸ್ತಕದಲ್ಲಿ ಆ ಜಮೆಯೇ ಇಲ್ಲ. ಕೆದಕುತ್ತಾ ಹೋದರೆ 16 ತಿಂಗಳಲ್ಲಿ 1,86,000 ರೂಪಾಯಿ.

ಅಪ್ಪ ಹೇಳುವುದು: "ಹುಟ್ಟುಗುಣ ಸುಟ್ಟರೂ ಹೋಗದು. 21 ವರ್ಷ ನಾಟಕವಾಡಿದ." ಅವ್ವ ಹೇಳುವುದು: "ಒಳ್ಳೆಯ ಮನುಷ್ಯ, ಕಾಲ ಕೆಡಿಸಿತು." ಮನೆಯಲ್ಲಿ ಮೂರು ವಾರದಿಂದ ಇದೇ ಜಗಳ. ನನಗೆ ಎರಡು ಪ್ರಶ್ನೆ. ಇಬ್ಬರಲ್ಲಿ ಯಾರು ಸರಿ? ಎರಡನೆಯದು, ಇನ್ನು ಹೊಸಬರನ್ನು ಇಟ್ಟುಕೊಳ್ಳಬೇಕು. 21 ವರ್ಷ ನೋಡಿಯೂ ತಿಳಿಯದ ಗುಣವನ್ನು 21 ನಿಮಿಷದ ಮಾತುಕತೆಯಲ್ಲಿ ತಿಳಿಯುವುದು ಹೇಗೆ?

ಬೆಳವಲದವನು
ಸಿಕ್ಕಿಬೀಳುವವರೆಗೆ ಎಲ್ಲರೂ ಸಾಚಾ. ನಿಮ್ಮ ಅಪ್ಪ ಹೇಳಿದ್ದೇ ಸರಿ.

ಮಂಡಕ್ಕಿ ಮಿರ್ಚಿ
ಮೊಬೈಲಿನಲ್ಲಿ ರಮ್ಮಿ ಆಡಿರುತ್ತಾರೆ. ಬೇಕಾದರೆ ಪಂದ್ಯ ಕಟ್ಟುತ್ತೇನೆ. (ಪಂದ್ಯ ಕಟ್ಟುವುದೂ ಅದೇ ಜಾತಿಯ ಚಟ ಎಂದು ಯಾರೂ ಹೇಳಬೇಡಿ, ಗೊತ್ತಿದೆ.)

ಬಿಳಿ ಸೀಮೆಸುಣ್ಣ
ಗಾದೆಯನ್ನೇ ಸಾಕ್ಷಿಗೆ ಕರೆಯುವುದಾದರೆ ಒಂದು ಎಚ್ಚರಿಕೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದ ಜನರೇ ಸಹವಾಸದಿಂದ ಸನ್ಯಾಸಿ ಕೆಟ್ಟ ಎಂದೂ ಹೇಳಿದ್ದಾರೆ. ಒಂದೇ ಊರು, ಒಂದೇ ಕಟ್ಟೆ. ಮೊದಲನೆಯದು ನಮಗೆ ಮೋಸ ಮಾಡಿದವರಿಗೆ, ಎರಡನೆಯದು ನಮ್ಮ ಮನೆಯ ಹುಡುಗ ಸಿಕ್ಕಿಬಿದ್ದಾಗ.

ಮೂರನೇ ಕೌಂಟರ್
ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಅದರಲ್ಲಿ ಆರು ವರ್ಷ ಶಾಖೆಗಳ ತಪಾಸಣೆ. ನಿಮ್ಮ ಕಾಕಾ ಮಾಡಿದ್ದು ಹೀಗಿರಬಹುದು: ಮೇಸ್ತ್ರಿ ಕೊಟ್ಟ ಹಣ ತಮ್ಮ ಜೇಬಿಗೆ. ಮುಂದಿನ ತಿಂಗಳು ಇನ್ನೊಬ್ಬರು ಬಾಕಿ ಕೊಟ್ಟಾಗ ಅದನ್ನು ಮೇಸ್ತ್ರಿಯ ಖಾತೆಗೆ ಜಮೆ. ಮೂರನೆಯವರದು ಎರಡನೆಯವರ ಖಾತೆಗೆ. ಗುಂಡಿ ಮುಚ್ಚಲು ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡುವ ಕೆಲಸ. ಇದರ ಲಕ್ಷಣ ಒಂದೇ, ಆ ಮನುಷ್ಯ ರಜೆ ಹಾಕುವುದಿಲ್ಲ. ಒಂದು ದಿನ ಬೇರೆಯವರು ಪುಸ್ತಕ ಮುಟ್ಟಿದರೆ ಮುಗಿಯಿತು. ನೆನಪು ಮಾಡಿಕೊಳ್ಳಿ, ಈ 16 ತಿಂಗಳಲ್ಲಿ ಅವರು ರಜೆ ಹಾಕಿದ್ದರೇ?

ಬ್ಯಾಂಕುಗಳು ಗುಣವನ್ನು ನಂಬಿ ಕುಳಿತುಕೊಳ್ಳುವುದಿಲ್ಲ. ತಿಜೋರಿಗೆ ಎರಡು ಬೀಗದ ಕೈ, ಇಬ್ಬರ ಬಳಿ. ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಒಟ್ಟಿಗೆ, ಅದೂ ಮೊದಲೇ ತಿಳಿಸದೆ, ಕಡ್ಡಾಯ ರಜೆಯ ಮೇಲೆ ಕಳುಹಿಸಬೇಕು ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಸುತ್ತೋಲೆಯನ್ನೇ ಹೊರಡಿಸಿತು. ಪ್ರೀತಿಯಿಂದ ಕೊಡುವ ರಜೆಯಲ್ಲ ಅದು.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಗುಣ ತಿಳಿಯಲು ಹೋಗಬೇಡಿ. ಬೀಗ ಬದಲಿಸಿ.

ಅಂಗಡಿಯ ಮಗಳು
@ಮೂರನೇ ಕೌಂಟರ್: ಹಾಕಿಲ್ಲ. ಚಿಕ್ಕ ಮಗಳ ನಿಶ್ಚಿತಾರ್ಥದ ದಿನವೂ ಸಂಜೆ ನಾಲ್ಕಕ್ಕೆ ಬಂದು ರೋಕಡ, ಅಂದರೆ ದಿನದ ನಗದು ಲೆಕ್ಕ, ಬರೆದು ಹೋಗಿದ್ದರು. ಎಂಥ ನಿಷ್ಠೆ ಎಂದು ಅಪ್ಪ ನೆಂಟರ ಮುಂದೆಲ್ಲ ಹೊಗಳಿದ್ದರು.

ಮಂಡಕ್ಕಿ ಮಿರ್ಚಿ
ಅಯ್ಯೋ. ನಮ್ಮ ಕಚೇರಿಯಲ್ಲಿ ರಜೆಯೇ ಹಾಕದ ಒಬ್ಬರಿದ್ದಾರೆ. ಇಂದಿನಿಂದ ಅವರನ್ನು ಬೇರೆ ಕಣ್ಣಿನಿಂದ ನೋಡುತ್ತೇನೆ.

ಸೀಟಿ ಮತ್ತು ಟಿಕೆಟ್
ನಾನು ಬಸ್ ಕಂಡಕ್ಟರ್, 17 ವರ್ಷದಿಂದ. ಕೌಂಟರ್ ಸಾರ್ ಹೇಳಿದ್ದು ನಮ್ಮಲ್ಲೂ ಇದೆ. ಡ್ಯೂಟಿ ಶುರುವಾಗುವ ಮೊದಲೇ ನಮ್ಮ ಜೇಬಿನಲ್ಲಿ ಸ್ವಂತ ಹಣ ಎಷ್ಟಿದೆ ಎಂದು ಬರೆಸಬೇಕು. ನಡುದಾರಿಯಲ್ಲಿ ತಪಾಸಣೆಯವರು ಹತ್ತಿ ಎಣಿಸಿದಾಗ ಹೆಚ್ಚಿದ್ದರೂ ತಪ್ಪು, ಕಡಿಮೆ ಇದ್ದರೂ ತಪ್ಪು. ಮೊದಮೊದಲು ಅವಮಾನವೆನಿಸುತ್ತಿತ್ತು. ಈಗ ಅನಿಸುವುದಿಲ್ಲ. ಬರೆಸಿರುವುದರಿಂದಲೇ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತೇನೆ.

ಜನರ ವಿಷಯ ಕೇಳಿದರೆ ಚಿಲ್ಲರೆಯಷ್ಟು ದೊಡ್ಡ ಪರೀಕ್ಷೆ ಇಲ್ಲ. ಚಿಲ್ಲರೆ ಇಲ್ಲದಿದ್ದಾಗ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು ಕೊಡುತ್ತೇವೆ. ಇಳಿಯುವಾಗ ತೋರಿಸಿ ಪಡೆಯಬೇಕು. ಮರೆತು ಇಳಿಯುವವರು ದಿನಕ್ಕೆ ಇಬ್ಬರು ಮೂವರು ಇದ್ದೇ ಇರುತ್ತಾರೆ. ಆಗ ನನ್ನ ಪರೀಕ್ಷೆ. ಗದ್ದಲದಲ್ಲಿ ನಾನು 50ರ ನೋಟಿನ ಬದಲು 100ರದು ಕೊಟ್ಟುಬಿಟ್ಟಾಗ ಅವರ ಪರೀಕ್ಷೆ. ಇಸ್ತ್ರಿ ಮಾಡಿದ ಅಂಗಿಯವರು ಸುಮ್ಮನೆ ಜೇಬಿಗಿಳಿಸಿದ್ದಾರೆ, ಕುಡಿದು ತೂರಾಡುತ್ತಿದ್ದವನು ವಾಪಸ್ ಕೊಟ್ಟಿದ್ದಾನೆ. ಹಾಗೆಂದು ಕುಡುಕರೆಲ್ಲ ಒಳ್ಳೆಯವರು ಎಂದೂ ತಿಳಿಯಬೇಡಿ, ಮರುದಿನ ಅವನೇ ಟಿಕೆಟ್ ತೆಗೆದುಕೊಳ್ಳದೆ ಜಗಳವಾಡಿದ. ನಾನು ಮುಖ ನೋಡಿ ಅಂದಾಜು ಕಟ್ಟುವುದನ್ನೇ ಬಿಟ್ಟಿದ್ದೇನೆ.

ಮರಳುಗಾಡಿನ ಕನ್ನಡಿಗ
ಕಂಡಕ್ಟರ್ ಅಣ್ಣ, ನಿಮ್ಮಲ್ಲಿ ಒಬ್ಬರಿಂದ ನನಗೆ 2016ರಿಂದ 35 ರೂಪಾಯಿ ಬರಬೇಕಿದೆ. ಟಿಕೆಟ್ ಇನ್ನೂ ಪರ್ಸಿನಲ್ಲಿದೆ.

ಸೀಟಿ ಮತ್ತು ಟಿಕೆಟ್
ಬಡ್ಡಿ ಬಿಟ್ಟುಬಿಡಿ ಅಣ್ಣ. ಈಗ ಕ್ಯೂಆರ್ ಕೋಡ್ ಬಂದಿದೆ, ಹೆಂಗಸರಿಗೆ 2023ರಿಂದ ಶೂನ್ಯ ಟಿಕೆಟ್. ಚಿಲ್ಲರೆ ಜಗಳವೇ ಅರ್ಧ ಕಡಿಮೆಯಾಗಿದೆ. ಜನ ಒಳ್ಳೆಯವರಾದರು ಎಂದಲ್ಲ, ಜಗಳಕ್ಕೆ ಕಾರಣ ಕಡಿಮೆಯಾಯಿತು ಅಷ್ಟೆ.

ಮನಶ್ಶಾಸ್ತ್ರದ ಮೇಡಂ
ಕಂಡಕ್ಟರ್ ಅವರು ಬಸ್ಸಿನಲ್ಲಿ ಕಂಡುಕೊಂಡದ್ದನ್ನು ನಮ್ಮ ವಿಷಯದವರು ನೂರು ವರ್ಷದಿಂದ ಲೆಕ್ಕ ಹಾಕುತ್ತಿದ್ದಾರೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬಿಬ್ಬರು ಸಾವಿರಾರು ಶಾಲಾ ಮಕ್ಕಳಿಗೆ ಗುಟ್ಟಾಗಿ ಪರೀಕ್ಷೆ ಒಡ್ಡಿದರು. ಉತ್ತರ ನಕಲು ಮಾಡಲು ಅವಕಾಶ, ಹಣ ಎತ್ತಿಕೊಳ್ಳಲು ಅವಕಾಶ, ಆಟದಲ್ಲಿ ಸುಳ್ಳು ಹೇಳಲು ಅವಕಾಶ. ಇವರು ಪ್ರಾಮಾಣಿಕ ಮಕ್ಕಳು, ಇವರು ಮೋಸದ ಮಕ್ಕಳು ಎಂದು ಎರಡು ಗುಂಪು ಸಿಗುತ್ತದೆ ಎಂದುಕೊಂಡಿದ್ದರೇನೋ. ಸಿಗಲಿಲ್ಲ. ಲೆಕ್ಕದಲ್ಲಿ ನಕಲು ಮಾಡಿದ ಮಗು ಹಣ ಮುಟ್ಟಲಿಲ್ಲ, ಹಣ ಎತ್ತಿದ ಮಗು ಆಟದಲ್ಲಿ ನೆಟ್ಟಗಿತ್ತು.

ಇನ್ನೊಂದು ನನಗೆ ಬಹಳ ಇಷ್ಟ. 1973ರಲ್ಲಿ ಪ್ರಕಟವಾದದ್ದು, ಪ್ರಿನ್ಸ್‌ಟನ್ನಿನಲ್ಲಿ ನಡೆದದ್ದು. ಪಾದ್ರಿಯಾಗಲು ಓದುತ್ತಿದ್ದ 40 ಯುವಕರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಉಪನ್ಯಾಸ ಕೊಡಲು ಕಳುಹಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ಕುಸಿದು ಕುಳಿತಿದ್ದ. ಸಮಯವಿದೆ ಎಂದು ತಿಳಿದವರಲ್ಲಿ 63 ಪ್ರತಿಶತ ನಿಂತು ವಿಚಾರಿಸಿದರು. "ಆಗಲೇ ತಡವಾಗಿದೆ, ಓಡಿ" ಎಂದು ಕಳುಹಿಸಿದವರಲ್ಲಿ ನಿಂತವರು 10 ಪ್ರತಿಶತ. ಕೆಲವರಿಗೆ ಕೊಟ್ಟಿದ್ದ ಉಪನ್ಯಾಸದ ವಿಷಯವೇನು ಗೊತ್ತೇ? ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಕಥೆ!

ಬೆಳವಲದವನು
ಪಾದ್ರಿಗಳು ಓಡಿದರು ಸರಿ, ಓಡುವುದು ಕಳ್ಳತನವಲ್ಲ. ಒಂದು ದಿನ ಅವಸರದಲ್ಲಿ ಹೋಗುವುದಕ್ಕೂ 16 ತಿಂಗಳು ಕುಳಿತು ಸುಳ್ಳು ಲೆಕ್ಕ ಬರೆಯುವುದಕ್ಕೂ ಹೋಲಿಕೆಯೇ ಇಲ್ಲ. 16 ತಿಂಗಳಲ್ಲಿ ಸುಮಾರು 400 ಸಲ ಅಂಗಡಿಯ ಬಾಗಿಲು ತೆರೆದಿರುತ್ತಾರೆ. ನಿಲ್ಲಿಸಲು 400 ಅವಕಾಶವಿತ್ತು.

ಮನಶ್ಶಾಸ್ತ್ರದ ಮೇಡಂ
ಒಪ್ಪುತ್ತೇನೆ. ಈ ಮಾತಿಗೆ ನನ್ನ ಬಳಿ ಸುಲಭದ ಉತ್ತರವಿಲ್ಲ.

ಬಿಳಿ ಸೀಮೆಸುಣ್ಣ
ನಮ್ಮಲ್ಲೇ ಉದಾಹರಣೆ ಇರುವಾಗ ಅಮೆರಿಕಕ್ಕೆ ಏಕೆ ಹೋಗಬೇಕು? ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಮಗೆ ಇಷ್ಟು ಏಕೆ, ಹೋಗಿ ಅಲ್ಲೇ ಸುರಿದು ಬಾ ಎಂದು ಆಕೆ ವಾಪಸ್ ಕಳುಹಿಸಿದಳು. ಬಡತನವಿದ್ದರೂ ಗುಣ ಕೆಡಲಿಲ್ಲ. ಕಷ್ಟ ಬಂತು, ಅದಕ್ಕೇ ಕದ್ದೆ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ.

ಸಂಘದ ಅಕ್ಕ
ಮೇಷ್ಟ್ರೇ, ನೀವು ಹೇಳಿದ ಕಥೆಯನ್ನೇ ಇನ್ನೊಮ್ಮೆ ನೋಡಿ. ಮಾರಯ್ಯ ಶರಣ. ಬಡತನದಲ್ಲೂ ನೆಟ್ಟಗೆ ಬದುಕಿದವನು. ಅಂಥವನೂ ಆ ದಿನ ಹೆಚ್ಚು ತಂದನಲ್ಲವೇ? ಅವನ ಗುಣ ಉಳಿದದ್ದು ಅವನೊಳಗೆ ಏನೋ ಗಟ್ಟಿ ವಸ್ತು ಇತ್ತು ಎಂದಲ್ಲ. ಮನೆಯಲ್ಲಿ ಕೇಳುವವಳಿದ್ದಳು. ಮಡಿಲು ನೋಡಿ ಇಷ್ಟೇಕೆ ಎಂದಳು.

ನನಗೆ ಈ ಕಾಕಾ ಅವರ ವಿಷಯದಲ್ಲಿ ತಿಳಿಯಬೇಕಾದದ್ದು ಅದೇ. ಅವರನ್ನು ಕೇಳುವವರು ಯಾರಿದ್ದರು?

ಬಿಳಿ ಸೀಮೆಸುಣ್ಣ
26 ವರ್ಷ ಈ ಕಥೆಯನ್ನು ತರಗತಿಯಲ್ಲಿ ಹೇಳಿದ್ದೇನೆ ಅಕ್ಕ. ಮಾರಯ್ಯನ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ. ಸ್ವಲ್ಪ ಯೋಚಿಸಬೇಕು.

ಬೆಳವಲದವನು
ಹಾಗಾದರೆ ಗಂಡ ಕದ್ದರೆ ಹೆಂಡತಿಯ ತಪ್ಪು ಎಂದಾಯಿತು. ಶಭಾಷ್.

ಸಂಘದ ಅಕ್ಕ
ನಾನು ಹೆಂಡತಿ ಎಂದು ಬರೆದಿಲ್ಲ, ಕೇಳುವವರು ಎಂದು ಬರೆದೆ. ಅಂಗಡಿಯ ಮಾಲೀಕರೂ ಆಗಬಹುದಿತ್ತು. ಓದಿ ಉತ್ತರಿಸಿ.

ಮರಳುಗಾಡಿನ ಕನ್ನಡಿಗ
ನಾನು ದುಬೈಯಲ್ಲಿ 11 ವರ್ಷದಿಂದ ಇದ್ದೇನೆ. ಇಲ್ಲಿ ರಾತ್ರಿ ಎರಡು ಗಂಟೆಗೆ ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುತ್ತೇನೆ. ಊರಿಗೆ ಬಂದರೆ ಮೊದಲ ದಿನ ನಿಲ್ಲುತ್ತೇನೆ, ಹಿಂದಿನವರು ಹಾರ್ನ್ ಹೊಡೆದು ಬೈಯುತ್ತಾರೆ. ಮೂರನೆಯ ದಿನ ಭಾವನ ಸ್ಕೂಟರಿನಲ್ಲಿ ಏಕಮುಖ ರಸ್ತೆಯಲ್ಲಿ ಎದುರಿನಿಂದ ನುಗ್ಗುತ್ತಿರುತ್ತೇನೆ. ಮನುಷ್ಯ ಒಬ್ಬನೇ, ವಿಮಾನದ ಟಿಕೆಟ್ ಒಂದು. ಇದರಲ್ಲಿ ನನ್ನ ನಿಜವಾದ ಗುಣ ಯಾವುದು ಎಂದು ಹೆಂಡತಿ ಕೇಳಿದಳು. ನಾನು ಹೆಲ್ಮೆಟ್ ಹುಡುಕುವವನಂತೆ ಎದ್ದು ಹೋದೆ.

ಜೋಗದ ನೀರು
ದೊಡ್ಡವರ ಗುಣವೇ ಬೇರೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸರ್ಕಾರಿ ಕೆಲಸಕ್ಕೆ ಒಂದು ಮೇಣದಬತ್ತಿ, ಸ್ವಂತ ಪತ್ರ ಬರೆಯಲು ಇನ್ನೊಂದು ಇಟ್ಟುಕೊಂಡಿದ್ದರಂತೆ. ಅಂಥವರು ಈಗ ಎಲ್ಲಿ?

ಕಪ್ಪು ಕೋಟು
ಇದೇ ದೀಪದ ಕಥೆಯನ್ನು ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ. ಎಂಟನೇ ಶತಮಾನದ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಬಗ್ಗೆಯೂ ಹೇಳುತ್ತಾರೆ. ವಿಶ್ವೇಶ್ವರಯ್ಯನವರು ಶುದ್ಧಹಸ್ತರು, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಮೇಣದಬತ್ತಿ ಸಾವಿರ ವರ್ಷದಿಂದ ಊರೂರು ತಿರುಗುತ್ತಿದೆ.

ಜೋಗದ ನೀರು
ನಂಬುವುದಕ್ಕೂ ಬಿಡುವುದಿಲ್ಲವಲ್ಲ ಸ್ವಾಮಿ ನೀವು.

ಕಪ್ಪು ಕೋಟು
ವಿಷಯಕ್ಕೆ ಬಂದರೆ, ಯಾರೂ ಕೇಳದಿದ್ದರೂ ಕಾನೂನು ಹೇಳುತ್ತೇನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316(4)ರ ಪ್ರಕಾರ ಗುಮಾಸ್ತ ಅಥವಾ ನೌಕರ ಮಾಡುವ ನಂಬಿಕೆ ದ್ರೋಹಕ್ಕೆ ಏಳು ವರ್ಷದವರೆಗೆ ಸೆರೆವಾಸ. ಹಳೆಯ ದಂಡ ಸಂಹಿತೆಯಲ್ಲಿ ಇದು 408 ಆಗಿತ್ತು. ನ್ಯಾಯಾಲಯದ ಅನುಮತಿಯಿದ್ದರೆ ರಾಜಿಯೂ ಆಗಬಹುದು. ಆದರೆ ದೂರು ಕೊಟ್ಟ ಮರುದಿನ ರಾಜಿ ಮಾಡಿಸಿ ಎಂದು ನನ್ನ ಬಳಿಗೇ ಬರುವವರನ್ನು ಬಹಳ ನೋಡಿದ್ದೇನೆ. ಕೊಡುವ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ಹಣಕ್ಕಾಗಿ ಅಲ್ಲ. ಏನಾಯಿತು ಎಂದು ಕೇಳಲು.

ಮಂಡಕ್ಕಿ ಮಿರ್ಚಿ
ವಕೀಲರೇ ಕೇಸ್ ಬೇಡ ಎನ್ನುತ್ತಿದ್ದಾರೆ. ಇವರ ಗುಣವನ್ನು ಮೊದಲು ಪರೀಕ್ಷಿಸಬೇಕು.

ಜೋಗದ ನೀರು
ಇದನ್ನಾದರೂ ನಂಬುತ್ತೀರಾ ನೋಡಿ. ಮಿಜೋರಾಂನ ಸೆಲಿಂಗ್ ಎಂಬಲ್ಲಿ ಹೆದ್ದಾರಿಯ ಪಕ್ಕ ಅಂಗಡಿಯವರೇ ಇಲ್ಲದ ಅಂಗಡಿಗಳಿವೆ. ಬಿದಿರಿನ ಗುಡಿಸಲು, ತರಕಾರಿ, ಹಣ್ಣು, ಬೆಲೆಯ ಚೀಟಿ, ಹಣ ಹಾಕಲು ಒಂದು ಡಬ್ಬಿ. ಮಾಲೀಕರು ಹೊಲದಲ್ಲಿರುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ, 40 ರೂಪಾಯಿಗೆ ಅನಾನಸ್ ತೆಗೆದುಕೊಂಡಿದ್ದೇನೆ. ಡಬ್ಬಿಯಲ್ಲಿ ಚಿಲ್ಲರೆಯನ್ನೂ ನಾವೇ ತೆಗೆದುಕೊಳ್ಳಬೇಕು.

ಬೆಳವಲದವನು
ಅದನ್ನು ನಮ್ಮ ಊರಿನ ಬಸ್ ನಿಲ್ದಾಣದ ಎದುರು ಇಡಿ. ಡಬ್ಬಿ ಹೋಗಲಿ, ಗುಡಿಸಲೂ ಉಳಿಯುವುದಿಲ್ಲ.

ಮನಶ್ಶಾಸ್ತ್ರದ ಮೇಡಂ
ಹಾಗೆಂದು ಎಲ್ಲರೂ ಅಂದುಕೊಳ್ಳುತ್ತಾರೆ. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪರ್ಸುಗಳನ್ನು "ರಸ್ತೆಯಲ್ಲಿ ಸಿಕ್ಕಿತು" ಎಂದು ಹೇಳಿ ಬ್ಯಾಂಕು, ಹೋಟೆಲು, ಅಂಚೆ ಕಚೇರಿಗಳ ಕೌಂಟರಿನಲ್ಲಿ ಕೊಟ್ಟು ಬಂದರು. ಭಾರತವೂ ಅದರಲ್ಲಿತ್ತು. ಒಟ್ಟಾರೆ, ಹಣವಿಲ್ಲದ ಪರ್ಸಿನ ಒಡೆಯರನ್ನು ಸಂಪರ್ಕಿಸಿದವರು ಸುಮಾರು 40 ಪ್ರತಿಶತ, ಹಣವಿದ್ದ ಪರ್ಸಿಗೆ ಸುಮಾರು 51. ಮೂರು ದೇಶಗಳಲ್ಲಿ ಮೊತ್ತವನ್ನು ಇನ್ನೂ ಹೆಚ್ಚಿಸಿದಾಗ 72ಕ್ಕೆ ಏರಿತು! ಹಣ ಹೆಚ್ಚಾದಷ್ಟೂ ವಾಪಸ್ ಕೊಡುವವರು ಹೆಚ್ಚುತ್ತಾರೆ ಎಂದು ಅರ್ಥಶಾಸ್ತ್ರಜ್ಞರೂ ಊಹಿಸಿರಲಿಲ್ಲ. ತಾನು ಕಳ್ಳ ಎಂದು ತನಗೇ ಅನಿಸುವುದು ಜನರಿಗೆ ಬೇಡ ಎಂಬುದು ಸಂಶೋಧಕರ ವಿವರಣೆ.

ಮೂರನೇ ಕೌಂಟರ್
ಅಪರಿಚಿತರ ಪರ್ಸಿಗೂ ದಿನವೂ ಕೈಯಾಡಿಸುವ ಗಲ್ಲಾಕ್ಕೂ ಬಹಳ ವ್ಯತ್ಯಾಸವಿದೆ ಮೇಡಂ. ಗಲ್ಲಾದ ಮುಂದೆ 21 ವರ್ಷ ಕುಳಿತವನಿಗೆ ಅದು ಅರ್ಧ ತನ್ನದೇ ಎನಿಸತೊಡಗುತ್ತದೆ. ತೆಗೆದುಕೊಂಡೆ ಎನ್ನುವುದಿಲ್ಲ. ತಿರುಗಿಸಿಕೊಂಡೆ ಎನ್ನುತ್ತಾನೆ.

ಅಂಗಡಿಯ ಮಗಳು
ವಕೀಲರ ಮಾತು ಕೇಳಿ ನಿನ್ನೆ ಅವರ ಮನೆಗೆ ಹೋಗಿದ್ದೆ. ಅಪ್ಪನಿಗೆ ಹೇಳದೆ ಹೋಗಿದ್ದೆ. ಉದ್ದವಾಗುತ್ತದೆ, ಕ್ಷಮಿಸಿ.

ರಮ್ಮಿ ಅಲ್ಲ. ದೊಡ್ಡ ಮಗಳ ಮದುವೆಗೆ ಕಾಕಿ ಹೆಸರಿನಲ್ಲಿ ಮೂರು ಕಡೆ ಸಣ್ಣ ಸಾಲ ತೆಗೆದಿದ್ದಾರೆ. ಒಂದರ ಕಂತು ಕಟ್ಟಲು ಇನ್ನೊಂದು. ಪ್ರತಿ ವಾರ ವಸೂಲಿಯವರು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು, ಕಟ್ಟುವವರೆಗೂ ಏಳುತ್ತಿರಲಿಲ್ಲ. ಅಕ್ಕಪಕ್ಕದವರು ಕಿಟಕಿಯಿಂದ ನೋಡುತ್ತಿದ್ದರು. ಕಾಕಾ ಅಂಗಡಿಯಲ್ಲಿ ಒಂದು ಮಾತೂ ಆಡಿಲ್ಲ.

ಆಮೇಲೆ ಅವರು ಒಳಗಿನಿಂದ ಒಂದು ಸಣ್ಣ ಪುಸ್ತಕ ತಂದರು. ನಮ್ಮ ಅಂಗಡಿಯ ಹೆಸರಿರುವ, ದೀಪಾವಳಿಗೆ ನಾವೇ ಹಂಚುವ ಪಾಕೆಟ್ ಡೈರಿ. ತೆಗೆದ ಪ್ರತಿ ಮೊತ್ತಕ್ಕೂ ತಾರೀಕು, ಯಾರ ಖಾತೆಯದು ಎಂಬ ವಿವರ ಬರೆದಿದ್ದರು. ಮುತ್ತಿನಂಥ ಅಕ್ಷರ. ಕೊನೆಯಲ್ಲಿ ಕೂಡಿಸಿದ ಮೊತ್ತ 2,03,500. ನಾವು ಹಿಡಿದದ್ದು 1,86,000. ಅಂದರೆ 17,500 ನಮಗೆ ಗೊತ್ತೇ ಆಗಿರಲಿಲ್ಲ. ಅದನ್ನೂ ಅವರೇ ತೋರಿಸಿದರು.

ನನಗೆ ಸಿಟ್ಟು ಮಾಡಲೂ ಬರಲಿಲ್ಲ. "ಒಮ್ಮೆ ಬಾಯಿಬಿಟ್ಟು ಕೇಳಬಾರದಿತ್ತೇ ಕಾಕಾ" ಎಂದೆ. "ಕೇಳಿದ್ದೆ ಅವ್ವಾ" ಎಂದರು. ಹೋದ ಮಳೆಗಾಲಕ್ಕೂ ಹಿಂದಿನ ಮಳೆಗಾಲ. ಅಪ್ಪನ ಬಳಿ 30,000 ಮುಂಗಡ ಕೇಳಿದ್ದರಂತೆ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರಂತೆ.

ಸಂಘದ ಅಕ್ಕ
ಅಪ್ಪ ಏನೆಂದರು?

ಅಂಗಡಿಯ ಮಗಳು
"ಈಗ ಕೈಯಲ್ಲಿ ರೊಕ್ಕ ಇಲ್ಲ" ಎಂದರಂತೆ.

ಮೂರನೇ ಕೌಂಟರ್
ರೋಕಡ ಪುಸ್ತಕ ಬರೆಯುವವನಿಗೆ!

ಸೀಟಿ ಮತ್ತು ಟಿಕೆಟ್
ಇದನ್ನು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ.

ಬೆಳವಲದವನು
ತಡೆಯಿರಿ, ತಡೆಯಿರಿ. ಎಲ್ಲರೂ ಕಣ್ಣೀರು ಸುರಿಸುವ ಮೊದಲು ಒಂದು ಮಾತು. ಮಾಲೀಕ ಮುಂಗಡ ಕೊಡದಿರುವುದು ಅಪರಾಧವಲ್ಲ. ಹಣ ಅವರದು. ಇಲ್ಲ ಎನ್ನುವುದಕ್ಕೆ ನಾವೆಲ್ಲ ಹಾಗೆಯೇ ಹೇಳುತ್ತೇವೆ. ಡೈರಿ ಬರೆದಿಟ್ಟರೆ ಕಳ್ಳತನ ಸಾಲವಾಗುತ್ತದೆಯೇ? ನಾಳೆ ನಾನು ನಿಮ್ಮ ಬೈಕ್ ಒಯ್ದು ತಾರೀಕು ಹಾಕಿ ಬರೆದಿಡುತ್ತೇನೆ.

ಇನ್ನು ಆ ಮೇಸ್ತ್ರಿ. ಅವರು ಹಣ ಕಟ್ಟಿಯೂ ಬಾಕಿದಾರ ಎನಿಸಿಕೊಂಡರು. ಚೀಟಿ ಕಳೆದಿದ್ದರೆ ಅವರೇ ಸುಳ್ಳುಗಾರ ಆಗುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಕಾಕಾ ಅವರ ಮಾನದ ಬಗ್ಗೆ ಇಷ್ಟು ಮಾತನಾಡುತ್ತಿದ್ದೀರಿ, ಆ ಮೇಸ್ತ್ರಿಯ ಮಾನ?

ಮನಶ್ಶಾಸ್ತ್ರದ ಮೇಡಂ
ಮೇಸ್ತ್ರಿಯ ವಿಷಯದಲ್ಲಿ ಬೆಳವಲದವರು ಹೇಳಿದ್ದು ನೂರಕ್ಕೆ ನೂರು ಸರಿ. ಇಷ್ಟು ಹೊತ್ತು ಯಾರಿಗೂ ಅವರು ನೆನಪಾಗಲಿಲ್ಲ, ನನಗೂ ಇಲ್ಲ.

ಡೈರಿಯ ಬಗ್ಗೆ ಮಾತ್ರ ಒಂದು ಮಾತು. 1950ರ ಸುಮಾರಿಗೆ ಡೊನಾಲ್ಡ್ ಕ್ರೆಸ್ಸಿ ಎಂಬ ಅಪರಾಧಶಾಸ್ತ್ರಜ್ಞ ಅಮೆರಿಕದ ಜೈಲುಗಳಲ್ಲಿ ಕುಳಿತು ಇಂಥ ಗುಮಾಸ್ತರು, ಲೆಕ್ಕಿಗರನ್ನೇ ಮಾತನಾಡಿಸಿದ. ನಂಬಿಕೆಯ ಸ್ಥಾನದಲ್ಲಿದ್ದು ಹಣ ನುಂಗಿದವರು. ಮೂರು ಸಂಗತಿ ಕೂಡಿ ಬಂದಾಗ ಇದು ನಡೆಯುತ್ತದೆ ಎಂದ. ಅವಕಾಶ, ಅದು ಗಲ್ಲಾದ ಬೀಗದ ಕೈ. ಸಮಜಾಯಿಷಿ, "ಸಾಲವಾಗಿ ತೆಗೆದುಕೊಂಡಿದ್ದೇನೆ" ಎಂಬುದು, ಅದೇ ಈ ಡೈರಿ. ಮೂರನೆಯದು ಬಡತನವಲ್ಲ, ದುರಾಸೆಯೂ ಅಲ್ಲ. ಇನ್ನೊಬ್ಬರಿಗೆ ಹೇಳಿಕೊಳ್ಳಲಾಗದ ಕಷ್ಟ. ಹೇಳಿಕೊಳ್ಳಬಹುದಾದ ಕಷ್ಟವಿದ್ದವರು ಹೇಳಿಕೊಂಡು ಹೇಗೋ ದಾಟುತ್ತಾರೆ.

ಮೂರನೇ ಕೌಂಟರ್
ತಪಾಸಣೆಯಲ್ಲಿ ಇಂಥ ಪುಸ್ತಕಗಳನ್ನು ನಾನು ಎರಡು ಸಲ ಕಂಡಿದ್ದೇನೆ. ಎರಡರಲ್ಲೂ ಮೊದಲ ಕೆಲವು ತಿಂಗಳು ಅಚ್ಚುಕಟ್ಟಾಗಿ ಬರೆದಿತ್ತು, ಆಮೇಲೆ ಖಾಲಿ ಹಾಳೆ. ಎಲ್ಲಿ ಬರೆಯುವುದನ್ನು ನಿಲ್ಲಿಸುತ್ತಾನೋ ಅಲ್ಲಿಗೆ ಅದು ಸಾಲವಲ್ಲ ಎಂದು ಅವನಿಗೂ ತಿಳಿದಿರುತ್ತದೆ. ಕೊನೆಯವರೆಗೂ ಬರೆದದ್ದನ್ನು ನಾನು ನೋಡಿಲ್ಲ. ಮಗಳೇ, ಡೈರಿಯ ಕೊನೆಯ ತಾರೀಕು ಯಾವುದು?

ಅಂಗಡಿಯ ಮಗಳು
ಮೇಸ್ತ್ರಿ ಚೀಟಿ ತಂದು ತೋರಿಸಿದ ಹಿಂದಿನ ದಿನದ್ದು. 3,000.

ಸಂಘದ ಅಕ್ಕ
ನಾನು ಸ್ವಸಹಾಯ ಸಂಘ ನಡೆಸುವವಳು, ಈ ಸಾಲದ ಸುಳಿಯನ್ನು ದಿನವೂ ನೋಡುತ್ತೇನೆ. ಒತ್ತಾಯದ ವಸೂಲಿ ತಡೆಯಲು 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದಿತು. ಮನೆಯ ಮುಂದೆ ಕುಳಿತು ಮಾನ ಕಳೆಯುವುದು ಈಗ ತಪ್ಪು. ಆದರೆ ಅದನ್ನು ಹೇಳಿ ದೂರು ಕೊಡಲು ಮೊದಲು ಸಾಲವಿದೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕು. ಅಲ್ಲೇ ಎಲ್ಲರೂ ನಿಲ್ಲುವುದು. ನಮ್ಮ ಸಂಘದಲ್ಲಿ ಪ್ರತಿ ವಾರ ಸಭೆಯ ಕೊನೆಗೆ ಒಂದು ಸುತ್ತು ಕೇಳುತ್ತೇವೆ: ಈ ವಾರ ಯಾರಿಗೆ ಕಷ್ಟವಿದೆ? ಮೊದಲ ಒಂದು ವರ್ಷ ಒಬ್ಬರೂ ಬಾಯಿ ಬಿಡಲಿಲ್ಲ. ನಾನೇ ನನ್ನ ಚಿನ್ನ ಗಿರವಿ ಇಟ್ಟಿರುವುದನ್ನು ಹೇಳಿದ ಮೇಲೆ ಶುರುವಾಯಿತು.

ಮರಳುಗಾಡಿನ ಕನ್ನಡಿಗ
ಅಪ್ಪನಿಗೆ ಹೇಳಿದಿರಾ?

ಅಂಗಡಿಯ ಮಗಳು
ಹೇಳಿದೆ. ಊಟದ ಹೊತ್ತಿಗೆ ಹೇಳಿದೆ, ಈ ಚರ್ಚೆಯನ್ನೂ ಓದಿ ಹೇಳಿದೆ. ಪಾದ್ರಿಗಳು ಓಡಿದ ಕಥೆಗೆ ನಕ್ಕರು. ಮುಂಗಡದ ವಿಷಯ ಬಂದಾಗ "ನನಗೆ ನೆನಪಿಲ್ಲ" ಎಂದರು. ಸುಳ್ಳಲ್ಲ ಎಂದೇ ನನಗನಿಸುತ್ತದೆ. ಕಾಕಾಗೆ ಗಿರಾಕಿಗಳು ಯಾರಿದ್ದರು, ಏನು ಕೊಂಡರು ಎಂಬುದೂ ನೆನಪಿದೆ. ಅಪ್ಪನಿಗೆ ಆ ದಿನವೇ ನೆನಪಿಲ್ಲ.

ರಾತ್ರಿ ಹನ್ನೊಂದಕ್ಕೆ ನೋಡಿದರೆ ಹಾಲಿನಲ್ಲಿ ದೀಪ ಉರಿಯುತ್ತಿತ್ತು. ಅಪ್ಪ ಆ ವರ್ಷದ ರೋಕಡ ಪುಸ್ತಕ ತೆಗೆದು ಕುಳಿತಿದ್ದರು. ಯಾವ ಪುಟ ಹುಡುಕುತ್ತಿದ್ದಾರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬಿಳಿ ಸೀಮೆಸುಣ್ಣ
ಅಕ್ಕ ಹೇಳಿದ್ದನ್ನು ಯೋಚಿಸುತ್ತಿದ್ದೆ. ನಿಮ್ಮ ಅಪ್ಪನನ್ನು ಕೇಳುವವರಾದರೂ ಯಾರಿದ್ದರು?

ಅಂಗಡಿಯ ಮಗಳು
ಮೇಷ್ಟ್ರೇ, ಅವ್ವ ಕೇಳುತ್ತಿದ್ದಳು. ಅಂಗಡಿಯ ವಿಷಯಕ್ಕೆ ಬರಬೇಡ ಎಂದು ಅಪ್ಪ 20 ವರ್ಷದ ಹಿಂದೆಯೇ ಹೇಳಿಬಿಟ್ಟಿದ್ದರು.

ಬೆಳವಲದವನು
ಸರಿಯಪ್ಪ. ಕೊನೆಗೆ ಏನು ತೀರ್ಮಾನ? ಬೈದದ್ದು ಸಾಕು, ಉಪಯೋಗಕ್ಕೆ ಬರುವುದನ್ನು ಹೇಳಿ.

ಅಂಗಡಿಯ ಮಗಳು
ಒಂದು ವಾರದ ನಂತರ ಬರೆಯುತ್ತಿದ್ದೇನೆ. ಮೊದಲು ಮೇಸ್ತ್ರಿಯ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆವು, ಅಪ್ಪನೂ ಬಂದರು. ಅವರು ಚಹಾ ಕೊಟ್ಟರು, ಆದರೆ ಮುಂದಿನ ಸಾಮಾನನ್ನು ಬೇರೆ ಅಂಗಡಿಯಲ್ಲಿ ತೆಗೆದುಕೊಂಡಿದ್ದಾರೆ ಎಂದು ಆಮೇಲೆ ತಿಳಿಯಿತು. ಪೊಲೀಸ್ ದೂರು ಕೊಡುತ್ತಿಲ್ಲ. ಕಾಕಾ ತಿಂಗಳಿಗೆ 4,000ದಂತೆ ತೀರಿಸುತ್ತೇನೆ ಎಂದಿದ್ದಾರೆ. ಲೆಕ್ಕ ಹಾಕಿದರೆ ನಾಲ್ಕು ವರ್ಷ ದಾಟುತ್ತದೆ. ಅವ್ವನಿಗೆ ಅವರನ್ನು ಮತ್ತೆ ಕರೆಯಬೇಕೆಂದಿದೆ. ಅಪ್ಪ ಹೌದೆಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ನನಗೆ ಕರೆಯಲು ಮನಸ್ಸಿಲ್ಲ. ಎದುರು ಕುಳಿತರೆ ದಿನವೂ ಅವರ ಕೈಯನ್ನೇ ನೋಡುತ್ತೇನೆ ಎಂಬ ಭಯ.

ಕೌಂಟರ್ ಸಾರ್ ಹೇಳಿದಂತೆ ಹೊಸ ಬೀಗ ಹಾಕಿಸಿದ್ದೇವೆ, ಎರಡು ಬೀಗದ ಕೈ ಬೇಕಾಗುವಂಥದ್ದು. ಒಂದು ನನ್ನ ಬಳಿ ಇದೆ. ಇನ್ನೊಂದನ್ನು ಅಪ್ಪ ದೇವರ ಮನೆಯ ಮೊಳೆಗೆ ನೇತು ಹಾಕಿದ್ದಾರೆ, ಯಾರದು ಎಂದು ಹೇಳಿಲ್ಲ. ಸದ್ಯಕ್ಕೆ ಲೆಕ್ಕ ಬರೆಯಲು ಯಾರಾದರೂ ಬೇಕು.

ಬೆಳವಲದವನು
ನನ್ನ ಅಕ್ಕನ ಮಗ ಬಿಕಾಂ ಮುಗಿಸಿದ್ದಾನೆ. ರಾಣೆಬೆನ್ನೂರಿನಲ್ಲೇ ಇದ್ದಾನೆ, ಕಂಪ್ಯೂಟರ್ ಬರುತ್ತದೆ. ಹುಡುಗ ತುಂಬಾ ಪ್ರಾಮಾಣಿಕ.

ಮಂಡಕ್ಕಿ ಮಿರ್ಚಿ
ಸಿಕ್ಕಿಬೀಳುವವರೆಗೆ?

ಬೆಳವಲದವನು
ನಮ್ಮ ಮನೆಯ ಹುಡುಗ ಕಣಪ್ಪ, ಸುಮ್ಮನಿರು.

ಸಂಘದ ಅಕ್ಕ
ಕಳುಹಿಸಿ. ಮೊದಲ ತಿಂಗಳಲ್ಲೇ ಒಮ್ಮೆ ಮುಂಗಡ ಕೇಳಿ ನೋಡಲು ಹೇಳಿ. ಗಿರಾಕಿಗಳು ಇರುವಾಗಲೇ ಕೇಳಲಿ.